ಕೋಲಾರದಿಂದ ತುಮಕೂರಿಗೆ ಮನೆ ಸಾಮಾನು: ಒಡೆಯದ ಹಾಗೆ ಕಟ್ಟೋದು ಹೇಗೆ?

ಕೀಲುಕೋಟೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ತುಮಕೂರಿಗೆ ವರ್ಗವಾಗಿದೆ. ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳು ಅಲ್ಲಿರಬೇಕು. ಆಷಾಢಕ್ಕೆ ಮುಂಚೆಯೇ ಮನೆ ಸೇರಬೇಕು ಅಂತ ಅತ್ತೆ ಬೇರೆ ಹೇಳಿದ್ದಾರೆ. ಹಾಗಾಗಿ ಮೇ ಕೊನೆಗೆ ಹೊರಡುತ್ತೇವೆ. ಕ್ಯಾತ್ಸಂದ್ರದಲ್ಲಿ ಮೊದಲನೇ ಮಹಡಿಯಲ್ಲಿ ಬಾಡಿಗೆ ಮನೆ ಸಿಕ್ಕಿದೆ.

ಬಟ್ಟೆಬರೆ, ಸ್ಟೀಲ್ ಪಾತ್ರೆ ಹೇಗೋ ಕಟ್ಟುತ್ತೇನೆ. ಫ್ರಿಜ್ಜು, ಮುಂದೆ ಬಾಗಿಲಿರುವ ವಾಷಿಂಗ್ ಮಷೀನು, ಟಿವಿ, ಇನ್ವರ್ಟರ್ ಬ್ಯಾಟರಿ, ಎರಡು ಬೀರು, ಪಿಂಗಾಣಿ ಸಾಮಾನು, ಉಪ್ಪಿನಕಾಯಿ ಜಾಡಿಗಳು, ಇವುಗಳದ್ದೇ ಯೋಚನೆ. ಎಲ್ಲಕ್ಕಿಂತ ಜಾಸ್ತಿ ಭಯ ಇರೋದು ಅತ್ತೆಯವರ ದಸರಾ ಬೊಂಬೆಗಳ ಬಗ್ಗೆ. ಮಣ್ಣಿನ ಬೊಂಬೆಗಳು, ಹಳೆಯವು, ಈಗ ಅಂಥವು ಸಿಗುವುದಿಲ್ಲ. ಪ್ಯಾಕರ್ಸ್‌ನವರಿಗೆ ಪೂರ್ತಿ ಒಪ್ಪಿಸುವುದೋ, ನಾವೇ ಕಟ್ಟಿ ಲಾರಿ ಮಾತ್ರ ಮಾಡಿಕೊಳ್ಳುವುದೋ? ತಿಳಿದವರು ಹೇಳಿ.

ಮಂಡಿ ಹುಡುಗ:

ಅಕ್ಕ, ರಟ್ಟಿನ ಬಾಕ್ಸಿಗೆ ದುಡ್ಡು ಹಾಕುವ ಮುಂಚೆ ಒಂದು ಸಲ ನಮ್ಮ ಎಪಿಎಂಸಿ ಕಡೆ ಬನ್ನಿ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ನೋಡಿರುತ್ತೀರಲ್ಲ, 15 ಕೆಜಿ ಹಣ್ಣು ಹಿಡಿಯುವುದು. ಅದರ ವಿಶೇಷ ಏನೆಂದರೆ, ಒಂದರ ಮೇಲೊಂದು ಇಟ್ಟಾಗ ಮೇಲಿನ ಕ್ರೇಟಿನ ಭಾರ ಕೆಳಗಿನದರ ಅಂಚಿನ ಮೇಲೆ ಕೂರುತ್ತದೆ, ಒಳಗಿರುವ ಸಾಮಾನಿನ ಮೇಲಲ್ಲ. ರಟ್ಟಿನ ಬಾಕ್ಸ್ ಹಾಗಲ್ಲ. ಮೂರು ಪೇರಿಸಿದರೆ ಕೆಳಗಿನದು ಅಪ್ಪಚ್ಚಿ. ಮಳೆ ಹನಿ ಬಿದ್ದರಂತೂ ತಳವೇ ಕಿತ್ತುಬರುತ್ತದೆ.

ಕುಕ್ಕರ್, ಬಾಣಲೆ, ಮಿಕ್ಸಿ ಜಾರು, ದಿನಸಿ ಡಬ್ಬ ಎಲ್ಲ ಕ್ರೇಟಿಗೆ ಹಾಕಿ. ಅಂಚಿಗಿಂತ ಮೇಲೆ ಮಾತ್ರ ತುಂಬಬೇಡಿ. ಚಮಚ, ಸಣ್ಣ ಪುಟ್ಟ ಸಾಮಾನು ತೂತಿನಿಂದ ಉದುರಿ ಹೋಗುತ್ತವೆ, ಅದಕ್ಕೆ ಒಳಗೆ ಮೊದಲು ಗೋಣಿಚೀಲವೋ ಹಳೇ ಬೆಡ್‌ಶೀಟೋ ಹಾಸಬೇಕು. ಹಿಂದಿನ ದಿನವೇ ತೊಳೆದು ಬಿಸಿಲಿಗೆ ಇಡಿ, ಕೊಳೆತ ಹಣ್ಣಿನ ವಾಸನೆ ಹೋಗುತ್ತದೆ.

ಒಂದು ಮಾತು. ಕ್ರೇಟುಗಳು ಮಂಡಿ ಮಾಲೀಕರವು, ಮೇಲೆ ಅವರ ಗುರುತಿರುತ್ತದೆ. ಪರಿಚಯದ ಮಂಡಿಯಲ್ಲಿ ಕೇಳಿ, ಅಡ್ವಾನ್ಸ್ ಕೊಟ್ಟು ತಗೊಳ್ಳಿ, ಲೆಕ್ಕ ಹಾಕಿ ವಾಪಸ್ ಕಳಿಸಿ. ಸೀಸನ್ ಜೋರಾದರೆ ಸಿಗುವುದು ಕಷ್ಟ. ಈಗಲೇ ಹೇಳಿಡಿ.

ಚಿಂತಾಮಣಿ ಟೀಚರ್:

ಮೇಡಂ, ನಮಗೆ ಎರಡೂ ಅನುಭವ ಇದೆ. ಒಂದು ಸಲ ಇಂಟರ್‌ನೆಟ್‌ನಲ್ಲಿ ನೋಡಿ ಕಡಿಮೆ ರೇಟು ಹೇಳಿದವರನ್ನು ಕರೆದೆವು. ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ "ಸಾಮಾನು ಜಾಸ್ತಿ ಇದೆ" ಅಂತ ಹೆಚ್ಚಿಗೆ ಕೇಳಿದರು. ಕೊಡುವವರೆಗೂ ಇಳಿಸಲಿಲ್ಲ. ಕೈಯಲ್ಲಿ ಬರೆದ ಕಾಗದ ಇರಲಿಲ್ಲ, ವಾದ ಮಾಡಲು ಏನೂ ಇರಲಿಲ್ಲ. ಆಮೇಲಿನ ಸಲ ನಾವೇ ಕಟ್ಟಿಕೊಂಡು ಊರಿನ ಗಾಡಿಯವರನ್ನು ಕರೆದೆವು, ಏನೂ ತೊಂದರೆ ಆಗಲಿಲ್ಲ.

ಪ್ಯಾಕರ್ಸ್ ಬೇಡವೇ ಬೇಡ ಅನ್ನುತ್ತಿಲ್ಲ. ವಯಸ್ಸಾದವರಿಗೆ, ಇಬ್ಬರೂ ಕೆಲಸಕ್ಕೆ ಹೋಗುವವರಿಗೆ ಅದೇ ಸರಿ. ಆದರೆ ಅವರು ಮನೆಗೆ ಬಂದು ಸಾಮಾನು ನೋಡಿದ ಮೇಲೆಯೇ ರೇಟು ಮಾತಾಡಬೇಕು. ಮಹಡಿ ಹತ್ತಿಸುವ ಕೂಲಿ, ಟೋಲು, ಬಿಚ್ಚಿ ಜೋಡಿಸುವ ಕೆಲಸ ಎಲ್ಲ ಸೇರಿದೆಯಾ ಅಂತ ಬರೆಸಿಕೊಳ್ಳಬೇಕು. ಪೂರ್ತಿ ದುಡ್ಡು ಮುಂಚೆ ಕೊಡಲೇಬೇಡಿ. ಸಾಮಾನಿನ ಪಟ್ಟಿ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಹಾಕಿಸಿ. ಟಿವಿ, ಫ್ರಿಜ್ ಮೇಲೆ ಈಗಾಗಲೇ ಇರುವ ಗೀರುಗಳ ಫೋಟೋ ಸಹ ತೆಗೆದಿಡಿ.

ಒಡವೆ, ದುಡ್ಡು, ಮನೆಪತ್ರ, ಮಾರ್ಕ್ಸ್ ಕಾರ್ಡ್, ಆಧಾರ್, ದಿನಾ ತಗೊಳ್ಳುವ ಮಾತ್ರೆ ಇವು ಗಾಡಿಗೆ ಏರಲೇಬಾರದು. ನಿಮ್ಮ ಕೈಚೀಲದಲ್ಲೇ ಇರಲಿ.

ಬಂಗಾರಪೇಟೆ ಲಾರಿಯವನು:

ಟೀಚರಮ್ಮ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸುವಾಗ ತೋರಿಸುವ ಜಿಎಸ್‌ಟಿ ಪತ್ರ) ಬೇಕಿಲ್ಲ, ಅದಕ್ಕೆ ವಿನಾಯಿತಿ ಇದೆ. ಆದರೂ ಸಾಮಾನಿನ ಪಟ್ಟಿ, ಹಳೇ ವಿಳಾಸ, ಹೊಸ ವಿಳಾಸ ಬರೆದು ಸಹಿ ಹಾಕಿದ ಕಾಗದ ಡ್ರೈವರ್ ಕೈಯಲ್ಲಿರಲಿ. ವರ್ಗಾವಣೆ ಆದೇಶದ ಜೆರಾಕ್ಸ್ ಇದ್ದರೆ ಅದೂ ಕೊಡಿ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸಿ ಮುಂದೆ ಹೋಗಬಹುದು.

ಈಗ ಲೋಡಿನ ವಿಚಾರ. ನೀವು ಎಷ್ಟು ಚೆನ್ನಾಗಿ ಕಟ್ಟಿದರೂ ಗಾಡಿಯಲ್ಲಿ ತಪ್ಪು ಜಾಗಕ್ಕೆ ಇಟ್ಟರೆ ಒಡೆಯುತ್ತದೆ. ಹಂಪ್ ಬಂದಾಗ ಜಾಸ್ತಿ ಎಗರೋದು ಹಿಂದಿನ ಚಕ್ರದ ಆಚೆಗಿರುವ ಭಾಗ. ಅಲ್ಲಿ ಹಾಸಿಗೆ, ದಿಂಬು, ಬಟ್ಟೆ ಗಂಟು, ಪ್ಲಾಸ್ಟಿಕ್ ಕುರ್ಚಿ ಬರಬೇಕು. ಬೀರು, ಗ್ರೈಂಡರ್, ಒರಳು, ರಾಗಿ ಮೂಟೆ ಕ್ಯಾಬಿನ್ ಕಡೆ, ತಳದಲ್ಲಿ. ಬೊಂಬೆ, ಪಿಂಗಾಣಿ ಬಾಕ್ಸುಗಳೂ ಕ್ಯಾಬಿನ್ ಕಡೆಯೇ, ಆದರೆ ಭಾರದ ಸಾಮಾನಿನ ಮೇಲೆ. ಅವುಗಳ ಮೇಲೆ ಏನೂ ಇರಬಾರದು. ಎಡಕ್ಕೂ ಬಲಕ್ಕೂ ಭಾರ ಸಮ ಇರಬೇಕು. ಎಲ್ಲ ಒಂದೇ ಕಡೆಯಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಕಟ್ಟಿದ ಹಗ್ಗ ಸಡಿಲವಾಗುತ್ತದೆ.

ಎರಡು ರೂಮಿನ ಮನೆಗೆ 14 ಅಡಿ ಗಾಡಿ ಸಾಕು. ಟಾಟಾ ಏಸ್‌ನಲ್ಲಿ ತುರುಕಲು ಹೋಗಬೇಡಿ, ಎತ್ತರಕ್ಕೆ ಪೇರಿಸಬೇಕಾಗುತ್ತದೆ. ಬೆಂಗಳೂರೊಳಗೆ ಬೆಳಿಗ್ಗೆ ಸಂಜೆ ಲಾರಿಗೆ ನಿರ್ಬಂಧ ಇರುತ್ತದೆ. ಹೊಸಕೋಟೆಯಿಂದ ಬಲಕ್ಕೆ ತಿರುಗಿ ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೋದರೆ ಊರೊಳಗಿನ ಹಂಪು, ಸಿಗ್ನಲ್ ಎಲ್ಲ ತಪ್ಪುತ್ತದೆ. ಮೇ ಕೊನೆಗೆ ರೋಹಿಣಿ ಮಳೆ ಶುರು, ಸಂಜೆ ಹೊತ್ತು ಯಾವಾಗ ಸುರಿಯುತ್ತದೋ ಹೇಳಲಾಗದು. ಬೆಳಿಗ್ಗೆಯೇ ಲೋಡ್ ಮಾಡಿ. ಟಾರ್ಪಾಲು ಮೇಲೆ ಮಾತ್ರವಲ್ಲ, ತಳಕ್ಕೂ ಒಂದು ಹಾಸಿರಬೇಕು.

ಡೂಂಲೈಟ್ ಮೆಕ್ಯಾನಿಕ್:

ಫ್ರಿಜ್ ಮತ್ತು ಮಷೀನ್ ಬಗ್ಗೆ ನಾನು ಹೇಳುತ್ತೇನೆ, ದಿನಾ ಅದರಲ್ಲೇ ಇರೋದು.

ಮೊದಲು ವಾಷಿಂಗ್ ಮಷೀನು, ಯಾಕಂದ್ರೆ ಜನ ಇದನ್ನೇ ಮರೆಯುವುದು. ಮುಂದೆ ಬಾಗಿಲಿರುವ ಮಷೀನಿನಲ್ಲಿ ಡ್ರಮ್ಮು ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರ್ ಇರುತ್ತದೆ. ಹೊಸದು ಮನೆಗೆ ಬಂದಾಗ ಹಿಂದುಗಡೆಯಿಂದ ಉದ್ದನೆ ಬೋಲ್ಟುಗಳನ್ನು ಬಿಚ್ಚಿ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಅವು ಟ್ರಾನ್ಸಿಟ್ ಬೋಲ್ಟು. ಗಾಡಿಗೆ ಏರಿಸುವ ಮುಂಚೆ ಅವನ್ನು ವಾಪಸ್ ಹಾಕಲೇಬೇಕು. ಇಲ್ಲದಿದ್ದರೆ ದಾರಿ ಉದ್ದಕ್ಕೂ ಡ್ರಮ್ಮು ಒಳಗೆ ಬಡಿದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹೋಗುತ್ತವೆ. ಹೊರಗಡೆಯಿಂದ ಮಷೀನು ಹೊಸದರಂತೆಯೇ ಕಾಣುತ್ತದೆ, ಹಿಂಡಲು ಶುರು ಮಾಡಿದಾಗ ಮನೆಯೇ ನಡುಗುತ್ತದೆ. ಬೋಲ್ಟು ಕಳೆದಿದ್ದರೆ ನಿಮ್ಮ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಹೊರಡುವ ಹಿಂದಿನ ದಿನ ಕೇಳಿದರೆ ಸಿಗುವುದಿಲ್ಲ. ಹಾಗೇ ಕೆಳಗಿನ ಸಣ್ಣ ಮುಚ್ಚಳ ತೆಗೆದು, ತಟ್ಟೆ ಇಟ್ಟು, ಫಿಲ್ಟರ್ ಬಿಚ್ಚಿ ಉಳಿದ ನೀರು ಖಾಲಿ ಮಾಡಿ. ಹೊಸ ಮನೆಯಲ್ಲಿ ಬೋಲ್ಟು ಬಿಚ್ಚದೆ ಮಷೀನ್ ಆನ್ ಮಾಡಬೇಡಿ, ಅದೂ ಅಷ್ಟೇ ಕೆಟ್ಟದ್ದು.

ಫ್ರಿಜ್ಜು ಹಿಂದಿನ ರಾತ್ರಿಯೇ ಆಫ್ ಮಾಡಿ, ಐಸೆಲ್ಲ ಕರಗಲಿ. ಹಿಂದುಗಡೆ ನೀರು ಬೀಳುವ ಟ್ರೇ ಒರೆಸಿ. ಗಾಜಿನ ತಟ್ಟೆಗಳನ್ನು ಹೊರಗೆ ತೆಗೆದು ಬೇರೆ ಸುತ್ತಿ. ಬಾಗಿಲಿಗೆ ಟೇಪ್ ಅಂಟಿಸಬೇಡಿ, ಪೇಂಟ್ ಕಿತ್ತುಬರುತ್ತದೆ. ಹಳೇ ದುಪಟ್ಟಾದಿಂದ ಸುತ್ತಿ ಕಟ್ಟಿ. ಮುಖ್ಯವಾಗಿ ನಿಲ್ಲಿಸಿಯೇ ಸಾಗಿಸಿ. ಕಂಪ್ರೆಸರ್ ಒಳಗೆ ಎಣ್ಣೆ ಇರುತ್ತದೆ, ಮಲಗಿಸಿದರೆ ಅದು ಪೈಪಿಗೆ ಹರಿಯುತ್ತದೆ. ನಿಂತೇ ಬಂದರೂ ಎರಡು ಮೂರು ಗಂಟೆ ಬಿಟ್ಟು ಆನ್ ಮಾಡಿ. ಮಲಗಿಸಿದ್ದರೆ ಒಂದು ದಿನ ಬಿಡಿ.

ಕೀಲುಕೋಟೆಯವಳು:

ಮೆಕ್ಯಾನಿಕ್ ಅಣ್ಣ, ತುಂಬಾ ಉಪಕಾರವಾಯ್ತು. ಬೋಲ್ಟುಗಳು ಟೂಲ್ ಡಬ್ಬದಲ್ಲಿ ಸಿಕ್ಕಿದವು, ನಾಲ್ಕೂ ಇವೆ. ಟಿವಿಯ ಹಳೇ ಬಾಕ್ಸು ಇಲ್ಲ. ಅದನ್ನು ಹಾಸಿಗೆಗಳ ನಡುವೆ ಮಲಗಿಸಿ ಇಡಬಹುದಾ?

ಡೂಂಲೈಟ್ ಮೆಕ್ಯಾನಿಕ್:

ಬೇಡಮ್ಮ. ಟಿವಿ ಮಲಗಿಸಿದರೆ ಅದರ ಭಾರವೇ ಪ್ಯಾನಲ್ ಮೇಲೆ ಬೀಳುತ್ತದೆ, ಒಂದು ಕುಲುಕಿಗೆ ಒಳಗೇ ಸೀಳು ಬಿಡುತ್ತದೆ. ಸ್ಟ್ಯಾಂಡ್ ಬಿಚ್ಚಿ, ಪರದೆಗೆ ಮೆತ್ತನೆ ಬಟ್ಟೆ, ಅದರ ಮೇಲೆ ಪರದೆಯಷ್ಟೇ ಅಗಲದ ರಟ್ಟು, ಆಮೇಲೆ ಕಂಬಳಿ. ಕಾರಿದ್ದರೆ ಹಿಂದಿನ ಸೀಟಿನಲ್ಲಿ ನಿಲ್ಲಿಸಿ ತಗೊಂಡು ಹೋಗಿ. ವೈರ್ ಬಿಚ್ಚುವ ಮುಂಚೆ ಹಿಂಭಾಗದ ಫೋಟೋ ತೆಗೆದುಕೊಳ್ಳಿ.

ಬ್ಯಾಟರಿ ವಿಚಾರ ಕೇಳಿದ್ದಿರಿ. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ತೆಗೆದು, ಮೊದಲು ಕಪ್ಪು ವೈರ್, ಆಮೇಲೆ ಕೆಂಪು ಬಿಚ್ಚಿ. ಎರಡು ಟರ್ಮಿನಲ್ಲಿಗೂ ಟೇಪ್ ಸುತ್ತಿ. ಅದರಲ್ಲಿರುವುದು ಆಸಿಡ್. ಒಂದಿಷ್ಟು ಚೆಲ್ಲಿದರೂ ಬಟ್ಟೆ ಸುಟ್ಟು ತೂತಾಗುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿ, ಬಟ್ಟೆ ಹಾಸಿಗೆಯಿಂದ ದೂರ ಇಟ್ಟು ಕಟ್ಟಿ.

ಗೌರಿಪೇಟೆ ಅಮ್ಮ:

ಮಗಳೇ, ಬೊಂಬೆ ವಿಚಾರ ಓದಿ ಬರೆಯಲೇಬೇಕು ಅನ್ನಿಸಿತು. ನಮ್ಮ ಮನೆಯಲ್ಲೂ ವರ್ಷಾ ವರ್ಷ ಕೂರಿಸುತ್ತೇವೆ, ಇಳಿಸುತ್ತೇವೆ. ಮನೆ ಬದಲಾಯಿಸುವಾಗಲೂ ಹೊತ್ತುಕೊಂಡು ಹೋಗಿದ್ದೇವೆ.

ಮಣ್ಣಿನ ಬೊಂಬೆ ಒಡೆಯುವುದು ಹೊಟ್ಟೆಯ ಹತ್ತಿರ ಅಲ್ಲ. ಕುತ್ತಿಗೆ, ಮಣಿಕಟ್ಟು, ಕೈಯಲ್ಲಿ ಹಿಡಿದಿರುವ ವೀಣೆ, ಕೊಳಲು, ಬಿಲ್ಲು ಇವೇ ಮುರಿಯುವುದು. ಸುಮ್ನೆ ಮೇಲಿಂದ ಮೇಲೆ ಬಟ್ಟೆ ಸುತ್ತಿದರೆ ಬಟ್ಟೆಯ ಬಿಗಿಯೇ ಚಾಚಿಕೊಂಡಿರುವ ಕೈಯನ್ನು ಒತ್ತಿ ಮುರಿಯುತ್ತದೆ. ಅದಕ್ಕೆ ಮೊದಲು ಹಳ್ಳ ತುಂಬಬೇಕು. ಹಳೇ ಮಲ್ಲು ಪಂಚೆ ಅಥವಾ ನೂಲಿನ ಸೀರೆಯನ್ನು ನಾಲ್ಕು ಬೆರಳಗಲ ಪಟ್ಟಿ ಮಾಡಿ ಹರಿದುಕೋ. ಕುತ್ತಿಗೆಗೂ ಭುಜಕ್ಕೂ ನಡುವಿನ ಸಂದಿ, ಕೈಗೂ ಸೊಂಟಕ್ಕೂ ನಡುವಿನ ಸಂದಿ, ವೀಣೆಯ ಹಿಂದಿನ ಜಾಗ, ಇಲ್ಲೆಲ್ಲ ಪಟ್ಟಿಯನ್ನು ಸಡಿಲವಾಗಿ ತುಂಬುತ್ತಾ ಬಾ. ಕೈಯಾಡಿಸಿದರೆ ಎಲ್ಲೂ ಏನೂ ಚಾಚಿಕೊಂಡಿಲ್ಲ, ಇಡೀ ಬೊಂಬೆ ಒಂದು ದಿಂಡಿನ ಹಾಗೆ ನುಣುಪಾಗಿದೆ ಅನ್ನಿಸಬೇಕು. ಆಮೇಲೆ ಅಗಲದ ಬಟ್ಟೆಯಲ್ಲಿ ಸುತ್ತು. ಪಿನ್ನು ಚುಚ್ಚಬೇಡ, ದಾರ ಕಟ್ಟು.

ಒದ್ದೆ ಬಟ್ಟೆಯಲ್ಲಿ ಒರೆಸಬೇಡ, ಹಳೇ ಬಣ್ಣ ಕೈಗೆ ಬರುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು. ಪ್ಲಾಸ್ಟಿಕ್ಕನ್ನು ನೇರವಾಗಿ ಬೊಂಬೆಗೆ ತಾಗಿಸಬೇಡ. ಮೇ ತಿಂಗಳ ಸೆಕೆಗೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಗುಳ್ಳೆ ಪ್ಲಾಸ್ಟಿಕ್ ಹಾಕಲೇಬೇಕೆಂದರೆ ಬಟ್ಟೆಯ ಮೇಲೆ ಹಾಕು.

ಡಬ್ಬದ ತಳಕ್ಕೆ ದಪ್ಪಗೆ ಬಟ್ಟೆ ಹಾಸಿ ಬೊಂಬೆಗಳನ್ನು ನಿಲ್ಲಿಸು, ಮಲಗಿಸಬೇಡ. ನಡುವಿನ ಜಾಗಕ್ಕೆ ಭತ್ತದ ಹುಲ್ಲು ಅಥವಾ ಬಟ್ಟೆ ತುರುಕು. ಶ್ರೀನಿವಾಸಪುರದ ಕಡೆ ಮಾವಿನಹಣ್ಣಿಗೆ ಹುಲ್ಲು ಹಾಕುತ್ತಾರಲ್ಲ, ಅದೇ. ಒಣಗಿದ್ದಿರಬೇಕು. ಮುಚ್ಚಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ ನೋಡು. ಒಳಗೆ ಸ್ವಲ್ಪ ಸದ್ದು ಬಂದರೂ ತೆಗೆದು ಇನ್ನಷ್ಟು ತುಂಬು. ದಶಾವತಾರದ ಸೆಟ್ಟು, ಮದುವೆ ದಿಬ್ಬಣದ ಸೆಟ್ಟು, ಹೀಗೆ ಒಂದೇ ಸೆಟ್ಟಿನ ಬೊಂಬೆಗಳು ಬೇರೆ ಬೇರೆ ಡಬ್ಬಕ್ಕೆ ಹೋಗದಿರಲಿ. ಒಂದೊಂದು ಸೆಟ್ಟೂ ಒಂದೊಂದು ಡಬ್ಬ, ಒಳಗೆ ಹೆಸರಿನ ಚೀಟಿ. ಪಟ್ಟದ ಬೊಂಬೆ ಮಾತ್ರ ಲಾರಿಗೆ ಕೊಡಬೇಡ. ರಾಜ ರಾಣಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ನಿಮ್ಮತ್ತೆಯವರ ಮಡಿಲಲ್ಲೇ ಕೂರಿಸಿ ಕರೆದುಕೊಂಡು ಹೋಗು, ಅವರಿಗೂ ಸಮಾಧಾನ.

ಕೀಲುಕೋಟೆಯವಳು:

ಅಮ್ಮ, ಅತ್ತೆಗೆ ಓದಿ ಹೇಳಿದೆ. "ಇವರಿಗೆ ಗೊತ್ತಿದೆ ನೋಡು" ಅಂದರು. ನಾಳೆಯಿಂದ ಸೀರೆ ಹರಿಯಲು ಶುರು.

ಮಾಲೂರಿನ ಓದುಗ:

ಪಿಂಗಾಣಿಗೆ ಇಷ್ಟೆಲ್ಲ ಬೇಡ ಅಂತ ನನ್ನ ಅಭಿಪ್ರಾಯ. ಒಂದು ತಿಂಗಳ ಹಳೇ ನ್ಯೂಸ್‌ಪೇಪರ್ ಇದ್ದರೆ ಸಾಕಲ್ವಾ? ಪುಸ್ತಕಕ್ಕೆ ಮಾತ್ರ ಒಂದು ಸಲಹೆ, ದೊಡ್ಡ ಬಾಕ್ಸಿಗೆ ತುಂಬಬೇಡಿ, ಎತ್ತುವಾಗ ತಳ ಬಿಡುತ್ತದೆ. ಚಕ್ರದ ಸೂಟ್‌ಕೇಸಿಗೆ ತುಂಬಿ ಎಳೆದುಕೊಂಡು ಹೋಗಿ.

ಚಿಂತಾಮಣಿ ಟೀಚರ್:

ಸಾರ್, ಪೇಪರ್ ಹೊರಗಿನ ಸುತ್ತಿಗೆ ಸರಿ. ನೇರವಾಗಿ ಸುತ್ತಿದರೆ ಬಿಳಿ ಪಿಂಗಾಣಿಗೆ ಶಾಯಿ ಹತ್ತುತ್ತದೆ, ಚಿನ್ನದ ಅಂಚಿದ್ದರೆ ಉಜ್ಜಿ ತೆಗೆಯುವಾಗ ಅಂಚೇ ಹೋಗುತ್ತದೆ. ಒಳಗೊಂದು ಬಿಳಿ ಹಾಳೆ ಅಥವಾ ಟಿಶ್ಯೂ ಇರಲಿ. ಬೆಳ್ಳಿ ದೀಪ, ಕುಂಕುಮದ ಬಟ್ಟಲಿಗೆ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಮಲಗಿದ ತಟ್ಟೆಗಳಲ್ಲಿ ಮೇಲಿನವುಗಳ ಭಾರವೆಲ್ಲ ಕೆಳಗಿನದರ ನಡುವಿಗೆ ಬೀಳುತ್ತದೆ, ನಿಂತ ತಟ್ಟೆ ತನ್ನ ಭಾರ ಮಾತ್ರ ಹೊರುತ್ತದೆ. ಲೋಟದೊಳಗೆ ಲೋಟ ಸಿಕ್ಕಿಸಬೇಡಿ, ಪ್ರತಿಯೊಂದಕ್ಕೂ ಪೇಪರ್ ತುರುಕಿ. ಗಾಜು ಹಾಕಿದ ದೇವರ ಫೋಟೋಗಳಿಗೆ ಅಡ್ಡಡ್ಡ ಟೇಪ್ ಅಂಟಿಸಿ. ಅಕಸ್ಮಾತ್ ಗಾಜು ಒಡೆದರೂ ಚೂರು ಸರಿದು ಚಿತ್ರವನ್ನು ಗೀರುವುದಿಲ್ಲ.

ಮಾಲೂರಿನ ಓದುಗ:

ತಟ್ಟೆ ನಿಲ್ಲಿಸುವ ಕಾರಣ ಈಗ ತಿಳಿಯಿತು. ಪೇಪರ್ ವಿಚಾರ ಒಪ್ಪಿದೆ ಟೀಚರ್.

ಗೌರಿಪೇಟೆ ಅಮ್ಮ:

ಉಪ್ಪಿನಕಾಯಿ ಜಾಡಿಗೆ ಯಾರೂ ಹೇಳಲಿಲ್ಲ. ಮೇ ಅಂದರೆ ಹೊಸ ಮಾವಿನಕಾಯಿ ಹಾಕಿರುತ್ತೀಯ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ಜಾಡಿಯ ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಹಾಕಿ ದಾರದಿಂದ ಬಿಗಿ, ಮೇಲೆ ಮುಚ್ಚಳ, ಅದರ ಮೇಲೆ ಬಟ್ಟೆ ಕಟ್ಟು. ಅಂಚಿನ ಪಸೆ ಮೊದಲು ಒರೆಸು, ಇಲ್ಲದಿದ್ದರೆ ದಾರ ಜಾರುತ್ತದೆ. ಬಕೆಟ್ಟಿನಲ್ಲಿ ನಿಲ್ಲಿಸಿ ಸುತ್ತ ಹಳೇ ಬಟ್ಟೆ ತುರುಕಿದರೆ ಒಸರಿದರೂ ಬಕೆಟ್ಟಿನಲ್ಲೇ ಇರುತ್ತದೆ.

ಹಾಗೇ ಒಂದು ಸಣ್ಣ ಡಬ್ಬ ಕೊನೆಗೆ ಏರಿಸಿ ಮೊದಲು ಇಳಿಸುವ ಹಾಗಿರಲಿ. ಹಾಲುಕ್ಕಿಸುವ ಪಾತ್ರೆ, ಅರಿಶಿನ ಕುಂಕುಮ, ದೀಪ, ಎಣ್ಣೆ, ಬತ್ತಿ, ಬೆಂಕಿಪೊಟ್ಟಣ, ಅಕ್ಕಿ, ಬೆಲ್ಲ, ನಾಲ್ಕು ಲೋಟ.

ಕ್ಯಾತ್ಸಂದ್ರ ನಿವಾಸಿ:

ಮೇಡಂ, ನಮ್ಮ ಊರಿಗೆ ಸ್ವಾಗತ. ಅಮ್ಮ ಹೇಳಿದ ಡಬ್ಬಕ್ಕೆ ಒಂದು ಇಂಡಕ್ಷನ್ ಒಲೆಯನ್ನೂ ಸೇರಿಸಿ, ಯಾಕಂದ್ರೆ ಮೊದಲ ದಿನ ಗ್ಯಾಸ್ ಇರುವುದಿಲ್ಲ. ಸಿಲಿಂಡರನ್ನು ಸಾಮಾನಿನ ಜೊತೆ ಮುಚ್ಚಿದ ಗಾಡಿಯಲ್ಲಿ ತರಲೇಬೇಡಿ. ಕೋಲಾರದ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ವಾಪಸ್ ಕೊಟ್ಟು, ಪುಸ್ತಕ ತೋರಿಸಿ ವೋಚರ್ ಪಡೆಯಿರಿ. ಆ ವೋಚರ್ ತೋರಿಸಿದರೆ ಇಲ್ಲಿನ ಏಜೆನ್ಸಿಯಲ್ಲಿ ಅದೇ ಕಂಪನಿಯ ಸಂಪರ್ಕ ಸಿಗುತ್ತದೆ. ಒಲೆ ನಿಮ್ಮದೇ, ಬರ್ನರ್‌ಗಳನ್ನು ಬೇರೆ ಸುತ್ತಿ ತನ್ನಿ. ಹಳೇ ರಬ್ಬರ್ ಪೈಪ್ ಬಿಸಾಕಿ ಹೊಸದು ತಗೊಳ್ಳಿ.

ಬಂಗಾರಪೇಟೆ ಲಾರಿಯವನು:

ಮೊದಲನೇ ಮಹಡಿ ಅಂದಿರಲ್ಲ ಅಕ್ಕ, ಮೆಟ್ಟಿಲು ಒಳಗಡೆಯಾ, ಹೊರಗಡೆಯಾ? ತಿರುವು ಇದೆಯಾ? ಬೀರು ತಿರುಗದಿದ್ದರೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯಬೇಕಾಗುತ್ತದೆ, ಅದಕ್ಕೆ ಜನ ಜಾಸ್ತಿ ಬೇಕು. ಬೀರು ಖಾಲಿ ಮಾಡಿ, ಬೀಗ ಹಾಕಿ, ಬೀಗದಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಾಗಿಲಿಗೆ ಕನ್ನಡಿ ಇದ್ದರೆ ಕಂಬಳಿ ಹೊದಿಸಿ ಕಟ್ಟಿ. ಮಂಚದ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಅದೇ ಮಂಚದ ಕಾಲಿಗೆ ಕಟ್ಟಿ. ಮಂಡಿ ತಮ್ಮ, ಕ್ರೇಟುಗಳನ್ನು ವಾಪಸ್ ಬರುವಾಗ ನಾನೇ ತರುತ್ತೇನೆ, ಹೇಗೂ ಗಾಡಿ ಖಾಲಿ ಬರುತ್ತದೆ.

ಮಂಡಿ ಹುಡುಗ:

ಹಾಗಾದರೆ ಸುಲಭ ಅಣ್ಣ. ಲೆಕ್ಕ ಬರೆದ ಚೀಟಿ ನಿಮ್ಮ ಕೈಗೇ ಕೊಡುತ್ತೇನೆ.

ಕೀಲುಕೋಟೆಯವಳು:

ಮೆಟ್ಟಿಲು ಹೊರಗಡೆ, ನಡುವೆ ಒಂದು ತಿರುವಿದೆ. ಅಗಲ ಎಷ್ಟು ಅಂತ ನೋಡಿಕೊಂಡು ಬಂದಿಲ್ಲ. ಪ್ಯಾಕರ್ಸ್ ಬೇಡ, ನಾವೇ ಕಟ್ಟುತ್ತೇವೆ ಅಂತ ಮನೆಯಲ್ಲಿ ಮಾತಾಯಿತು. ಮಷೀನಿಗೆ ಬೋಲ್ಟು ಹಾಕಲು ಮಾತ್ರ ಮೆಕ್ಯಾನಿಕ್ ಅಣ್ಣ ಒಂದು ಸಲ ಬಂದು ಹೋಗಲಿ, ಎಷ್ಟಾಗುತ್ತದೆ ಹೇಳಿ.

ಕ್ಯಾತ್ಸಂದ್ರ ನಿವಾಸಿ:

ಮೇಡಂ, ಬೀರುಗಳ ಎತ್ತರ, ಅಗಲ, ಆಳ ಮೂರನ್ನೂ ಅಳೆದು ಕಳಿಸಿ. ಮನೆ ಯಾವ ಬೀದಿ ಅಂತ ಮೆಸೇಜ್ ಮಾಡಿ. ಭಾನುವಾರ ಟೇಪು ತಗೊಂಡು ಹೋಗಿ ಮೆಟ್ಟಿಲ ತಿರುವು, ಬಾಗಿಲು ಅಳೆದು ಇಲ್ಲೇ ಹಾಕುತ್ತೇನೆ. ಇಳಿಸಲು ಹಮಾಲಿಗಳು ಬೇಕಿದ್ದರೆ ಮಂಡಿಪೇಟೆಯಲ್ಲಿ ಗೊತ್ತಿರುವವರಿದ್ದಾರೆ, ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹಿಂದಿನ ದಿನ ತಿಳಿಸಿದರೆ ಹೇಳಿಡುತ್ತೇನೆ.